ಸೀನಿಗೊಂದು ಸಿಂಹಾಸನ

ಮಂಗಳವಾರ, ಮಧ್ಯಾಹ್ನ ಎರಡು ಗಂಟೆ

ಅಮ್ಮಾ,

ಮಗು ಮಲಗಿದೆ. ಏಳುವುದರೊಳಗೆ ಇದನ್ನು ಮುಗಿಸಬೇಕು. ಫೋನಿನಲ್ಲಿ ಹೇಳಲಾಗದ ವಿಷಯ. ನೀನು ಸ್ಪೀಕರ್ ಹಾಕಿಯೇ ಮಾತಾಡುತ್ತೀಯ, ಪಕ್ಕದಲ್ಲಿ ಅಪ್ಪ ಇರುತ್ತಾರೆ.

ನಿನ್ನ ಕಾಗದ ಬಂತು. ಕೆಲಸ ಬಿಟ್ಟುಬಿಡು, ಮನೆಯಲ್ಲಿರುವುದರಲ್ಲೇ ಸುಖ ಎಂದು ಬರೆದಿದ್ದೀಯ. ಒಂದನೇ ತಾರೀಖು ನಾನು ಡಿಪೋಗೆ ಹಾಜರಾಗಬೇಕು, ಇಲ್ಲವಾದರೆ ಕಂಡಕ್ಟರ್ ಕೆಲಸ ಹೋಗುತ್ತದೆ. ಬಿಡಲು ಮುಕ್ಕಾಲು ಪಾಲು ತಯಾರಾಗಿಯೇ ಇದ್ದೆ. ಮಗುವನ್ನು ಬಿಟ್ಟಿರಲಾರೆ ಎಂದು ಎಲ್ಲರಿಗೂ ಹೇಳಿದ್ದೆ. ಅದು ಸುಳ್ಳು.

ಹೆರಿಗೆಯಾಗಿ ಹನ್ನೊಂದು ವಾರ. ಹೊಲಿಗೆ ಮಾಗಿದೆ. ಆದರೆ ಕೆಮ್ಮಿದರೆ, ನಕ್ಕರೆ, ಮಗುವನ್ನು ಎತ್ತಿಕೊಂಡು ಎದ್ದರೆ ಉಚ್ಚೆ ಹನಿಯುತ್ತದೆ. ಹಾಸಿಗೆಯಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ. ಮಗುವಿನ ಲಸಿಕೆಗೆ ಹೋದದ್ದು ಬಿಟ್ಟರೆ ನಿನ್ನೆಯವರೆಗೆ ಅದಕ್ಕಿಂತ ದೂರ ನಾನು ಹೋಗಿರಲಿಲ್ಲ. ಬೀದಿಯ ತುದಿಯವರೆಗಾದರೂ ಬಾ ಎಂದು ಇವರು ದಿನವೂ ಕರೆಯುತ್ತಿದ್ದರು. ಒಂದು ದಿನ ಮಗುವಿಗೆ ಹಸಿವು, ಒಂದು ದಿನ ನನಗೆ ತಲೆನೋವು. ದಿನಕ್ಕೆ ಎಂಟು ಟ್ರಿಪ್ ಹೊಡೆಯೋಳು ಈಗ ಗೇಟಿಗೂ ಟಿಕೆಟ್ ಕೇಳ್ತೀಯಲ್ಲೇ ಎಂದು ತಮಾಷೆ ಮಾಡಿದರು. ನಗಲಿಲ್ಲ. ನಗುವುದೂ ಅಪಾಯವೇ.

ನನ್ನ ರೂಟಿನಲ್ಲಿ ನಲವತ್ತೊಂದು ಸ್ಟಾಪ್. ಶೌಚಾಲಯ ಇರುವುದು ಎರಡರಲ್ಲಿ, ಅದರಲ್ಲೊಂದಕ್ಕೆ ಸದಾ ಬೀಗ. ಮಲಗಿದಲ್ಲೇ ಆ ಸ್ಟಾಪುಗಳನ್ನು ಎಣಿಸುತ್ತಿದ್ದೆ. ನೀರು ಕುಡಿಯುವುದನ್ನೂ ಕಡಿಮೆ ಮಾಡಿದೆ.

ಎರಡು ವಾರದ ಹಿಂದೆ ಅಡುಗೆಮನೆಯಲ್ಲಿ ನಿಂತಿದ್ದಾಗ ಸೀನು ಬಂತು. ನನ್ನ ಕೈ ತಾನಾಗಿ ಕುರ್ಚಿ ಎಳೆಯಿತು. ಕಾಲ ಮೇಲೆ ಕಾಲು ಹಾಕಿ ಕೂತು, ಆಮೇಲೆ ಸೀನಿದೆ. ಅದು ನೀನು ಸೀನುವ ರೀತಿ ಅಮ್ಮ. "ಇವಳ ಸೀನಿಗೂ ಸಿಂಹಾಸನ ಬೇಕು" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರಲ್ಲ, ನಿನ್ನ ಮೂಗು ಕೆಂಪಾದೊಡನೆ ನಾನು ಕುರ್ಚಿ ತಂದು ಸಲಾಂ ಹೊಡೆಯುತ್ತಿದ್ದೆನಲ್ಲ, ಎಲ್ಲ ನೆನಪಾಯಿತು. ನೀನು ಯಾವ ಮದುವೆಗೂ ಬರುತ್ತಿರಲಿಲ್ಲ. ಊಟಕ್ಕೆ ಅರ್ಧ ಲೋಟ ನೀರು. ನಾನು ಕೆಲಸಕ್ಕೆ ಸೇರಿ ಆರು ವರ್ಷವಾಯಿತು, ಒಂದು ದಿನವೂ ನನ್ನ ಬಸ್ಸು ಹತ್ತಲಿಲ್ಲ. ಬಸ್ಸೆಂದರೆ ತಲೆಸುತ್ತು ಎನ್ನುತ್ತಿದ್ದೆ. ಹುಟ್ಟಿದಾಗ ನಾನು ನಾಲ್ಕು ಕೆಜಿ ಇದ್ದೆ ಎಂದು ಎಲ್ಲರಿಗೂ ಹೇಳಿಕೊಂಡವಳು, ಆಮೇಲೆ ನಿನಗೇನಾಯಿತು ಎಂದು ಯಾರಿಗೂ ಹೇಳಲಿಲ್ಲ.

ಹತ್ತು ದಿನದ ಹಿಂದೆ ಲಸಿಕೆಗೆ ಹೋದಾಗ ಫಿಸಿಯೋಥೆರಪಿ ಮೇಡಂ ನನ್ನನ್ನೂ ಒಳಗೆ ಕರೆದರು. ಚೆನ್ನಾಗಿದ್ದೇನೆ ಎಂದೆ. ಸೀನಿದರೆ ಏನಾಗುತ್ತೆ ಎಂದು ಕೇಳಿದರು. ಅಳು ಬಂತು. ಪರೀಕ್ಷೆ ಮಾಡಿ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಇದು ತುಂಬ ಜನಕ್ಕೆ ಆಗುತ್ತೆ ಕಣಮ್ಮ. ಹಾಗಂತ ಸಹಿಸಿಕೊಂಡು ಕೂರೋ ವಿಷಯ ಅಲ್ಲ."

ಒಂದು ವ್ಯಾಯಾಮ ಹೇಳಿಕೊಟ್ಟರು. ಗಾಳಿ, ಉಚ್ಚೆ ಎರಡನ್ನೂ ತಡೆದ ಹಾಗೆ ಒಳಗಿನ ಸ್ನಾಯು ಬಿಗಿಹಿಡಿದು, ಪೂರ್ತಿ ಸಡಿಲ ಬಿಡಬೇಕು. ಉಸಿರು ಕಟ್ಟಬಾರದು. ಒಂದು ಸಲಕ್ಕೆ ಹತ್ತು, ದಿನಕ್ಕೆ ಮೂರು ಸಲ. ಸೀನುವ ಮುಂಚೆಯೂ ಹೀಗೆ ಬಿಗಿಹಿಡಿಯಬೇಕು. ಏಳುವಾಗ ಪಕ್ಕಕ್ಕೆ ಹೊರಳಿ ಏಳಬೇಕು. ನೀರು ಕಡಿಮೆ ಮಾಡಿದ್ದಕ್ಕೆ ಚೆನ್ನಾಗಿ ಬೈದರು. ಗುಣ ಕಾಣಲು ಮೂರು ತಿಂಗಳಾದರೂ ಬೇಕಂತೆ. ಅಲ್ಲಿಯವರೆಗೆ ಕೌಂಟರಿನಲ್ಲಿ ಕೂರುವ ಕೆಲಸ ಕೊಡಿ ಎಂದು ಡಿಪೋಗೆ ಪತ್ರ ಬರೆದುಕೊಟ್ಟಿದ್ದಾರೆ. ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. ಅದನ್ನು ತಲುಪಿಸಲು ಇವರಿಗೆ ಎಲ್ಲ ಹೇಳಬೇಕಾಯಿತು. ಗೇಟಿನ ಮಾತು ಆಡಬಾರದಿತ್ತು ಎಂದರು, ಅಷ್ಟೇ.

ಪವಾಡವೇನೂ ಆಗಿಲ್ಲ. ನಿನ್ನೆಯೂ ಎರಡು ಸಲ ಬಟ್ಟೆ ಬದಲಿಸಿದೆ. ಆದರೆ ಇವತ್ತು ಬೆಳಿಗ್ಗೆ ಗೇಟಿನವರೆಗೆ ಹೋಗಿ ಬಂದೆ. ನಲವತ್ತು ಹೆಜ್ಜೆ.

ಹೆರಿಗೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೂ ಈ ವ್ಯಾಯಾಮದಿಂದ ಪ್ರಯೋಜನವಿದೆಯೇ ಎಂದು ಮೇಡಂ ಹತ್ತಿರ ಕೇಳಿದ್ದೆ. ಯಾರಿಗೆಂದು ಹೇಳಲಿಲ್ಲ. ಇದೆ, ಆದರೆ ಒಮ್ಮೆ ಬಂದು ತೋರಿಸಲಿ ಎಂದರು. ಅವರು ಕೊಟ್ಟ ವ್ಯಾಯಾಮದ ಹಾಳೆಯನ್ನು ನಕಲು ಮಾಡಿ ಇದರೊಳಗೆ ಇಟ್ಟಿದ್ದೇನೆ. ನನ್ನ ಊಹೆ ತಪ್ಪಾಗಿದ್ದರೆ ಹರಿದುಹಾಕು. ಸರಿಯಾಗಿದ್ದರೆ ಉತ್ತರ ಬರೆಯಬೇಡ. ಮುಂದಿನ ಸಲ ಫೋನಿನಲ್ಲಿ, ಇವತ್ತು ಒಂದು ಲೋಟ ನೀರು ಪೂರ್ತಿ ಕುಡಿದೆ ಎಂದು ಹೇಳು. ಅಪ್ಪ ಕೇಳಿಸಿಕೊಂಡರೂ ಪರವಾಗಿಲ್ಲ.

ಮಗು ಎದ್ದಿತು.

ನಿನ್ನ ಮಗಳು,
ರೈಟ್-ರೈಟ್

ವಿ.ಸೂ.: ಸಿಂಹಾಸನದ ಮಾತು ಅಪ್ಪನದು ಎಂದು ಮೇಲೆ ಬರೆದೆ. ಅವರು ಅದನ್ನು ಕಲಿತದ್ದು ನನ್ನಿಂದ. ಆಗ ನನಗೆ ಏಳು ವರ್ಷ. ಶಾಲೆಯಲ್ಲಿ ನನಗೆ ಬಹುಮಾನ ಬಂದಾಗ ಎಲ್ಲರ ತಾಯಂದಿರೂ ನಿಂತು ಚಪ್ಪಾಳೆ ತಟ್ಟಿದರು, ನೀನು ಸೀನು ಬಂದು ಕೂತುಬಿಟ್ಟೆ. ಆ ಸಿಟ್ಟಿಗೆ ಮನೆಗೆ ಬಂದು ಹಾಗೆಂದೆ. ಅಪ್ಪ ಬಿದ್ದು ಬಿದ್ದು ನಕ್ಕರು. ನೀನೂ ನಕ್ಕೆ, ಕೂತುಕೊಂಡೇ.