ಆರಿಸಿಕೊಳ್ಳುವ ಕೋಣೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ತಂಗಿಗೆ,

...ಬೇಡುವವರಿಗೆ ಬಣ್ಣದ ಗೊಡವೆ ಯಾಕೆ ಅಂದೆಯಲ್ಲ, ಅಥವಾ ಹಾಗೇನೋ. ಫೋನಿನಲ್ಲಿ ಅರ್ಧ ಕೇಳಿಸಿತು, ಉಳಿದರ್ಧವನ್ನು ನಿನ್ನ ದನಿಯೇ ಹೇಳಿತು. ಬಡವರು ಬಂದು ದಾನದ ಬಟ್ಟೆ ಆರಿಸಿಕೊಳ್ಳುವ, ನಾನು ನೋಡಿಕೊಳ್ಳುವ ಚರ್ಚಿನ ಕೋಣೆಯನ್ನು ಮುಚ್ಚಿ, ಇನ್ನು ಭಾನುವಾರ ಆರಾಧನೆಯ ನಂತರ ಬಡವರನ್ನು ಸಭೆಯೆದುರು ಸಾಲಾಗಿ ನಿಲ್ಲಿಸಿ ಬಟ್ಟೆ ಗಂಟು ಹಂಚುವುದೆಂದು ನಿನ್ನ ಸಮಿತಿ ತೀರ್ಮಾನಿಸಿದೆ. ಬೀಗದ ಕೈ ಕಳಿಸು ಎಂದಿದ್ದೀಯ. ಕಳಿಸುವುದಿಲ್ಲ.

ಆದದ್ದಿಷ್ಟು. ಆಸ್ಪತ್ರೆಯಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಕೋಣೆಗೆ ಬಂದಳು. ನಿಮ್ಮ ಸಮಿತಿಯ ಖಜಾಂಚಿ ಒಳ್ಳೆಯ ಕಂದು ಕೋಟೊಂದನ್ನು ಕೈಗಿಟ್ಟರು. ಅವಳು ಕನ್ನಡಿಯೆದುರು ಒಮ್ಮೆ ತಿರುಗಿ, ಇದು ಬೇಡ ಕಣಮ್ಮಾ, ಇದರೊಳಗೆ ನಾನು ಆಲೂಗಡ್ಡೆ ಮೂಟೆ ಥರ ಕಾಣ್ತೀನಿ ಅಂದಳು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು ಎಂದು ಖಜಾಂಚಿ ಚುಚ್ಚಿದರು. ಹಲ್ಲೆಲ್ಲ ಸರಿಯಾಗೇ ಇದೆ ಸಾರ್, ಹಸುನೇ ನಂಗೆ ದೊಡ್ಡದಾಯ್ತು ಅಂದಳು.

ನಾನು ನಕ್ಕುಬಿಟ್ಟೆ. ಖಜಾಂಚಿ ನಗಲಿಲ್ಲ, ನೇರ ನಿನ್ನ ಬಳಿ ದೂರು ತಂದರು. ನಾನು ಟೇಪು ತೆಗೆದು ಅವಳ ಅಳತೆ ಹಿಡಿದೆ, ತೋಳು ಎಲ್ಲಿಗೆ ಬರಬೇಕು, ಜೇಬು ಎಷ್ಟು ಆಳ ಬೇಕು ಎಂದು ಕೇಳಿದೆ. ಇಷ್ಟು ವರ್ಷ ಹೊಲಿಗೆ ಅಂಗಡಿಯಲ್ಲಿ ಕೂತವಳಿಗೆ ಬೇರೆ ರೀತಿ ಬರುವುದಿಲ್ಲ.

ಸತ್ಯವೇದವನ್ನು ನೀನು ನನಗಿಂತ ಚೆನ್ನಾಗಿ ಬಲ್ಲೆ. ಚಿನ್ನದುಂಗುರದವನಿಗೆ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿ ನೆಲ, ಹಾಗೆ ಮಾಡಬೇಡಿ ಎಂದಿದೆ. ಬಡವರಿಗೆ ಕೊಡುವಾಗ ತುತ್ತೂರಿ ಊದಿಸಬೇಡಿ ಎಂದೂ ಇದೆ. ನಿನ್ನ ಭಾನುವಾರದ ಸಾಲು ಎರಡನ್ನೂ ಒಟ್ಟಿಗೆ ಮುರಿಯುತ್ತದೆ. ಆ ಮಾತುಗಳನ್ನು ನಂಬುವುದು ನಾನೋ, ನನ್ನ ಕೈ ಮಾತ್ರವೋ, ಹೇಳಲಾರೆ. ಕೈ ನಂಬಿದರೂ ಸಾಕು.

ಕೋಣೆ ತೆರೆದೇ ಇರುತ್ತದೆಂದು ಸಮಿತಿಗೆ ಹೇಳು. ಕೋಪ ಇಳಿದ ಮೇಲೆ ಊಟಕ್ಕೆ ಬಾ.

ನಿನ್ನ
ಅಕ್ಕ

ಮಡಚುವ ಮುನ್ನ ಇನ್ನೊಂದು: ಶಾಲೆಗೆ ನೀನು ಹಾಕಿಕೊಂಡು ಹೋಗುತ್ತಿದ್ದ ನೀಲಿ ಕೋಟು ಅಮ್ಮ ಅಂಗಡಿಯಿಂದ ತಂದದ್ದಲ್ಲ. ಇದೇ ಚರ್ಚಿನಿಂದ ಬಂದದ್ದು. ಗುರುತು ಸಿಗಬಾರದೆಂದು ಅಮ್ಮ ಹೊಲಿಗೆಯನ್ನೆಲ್ಲ ಬಿಚ್ಚಿ, ಬಟ್ಟೆಯ ಒಳಮಗ್ಗುಲು ಹೊರಗೆ ಮಾಡಿ ಮತ್ತೆ ಹೊಲಿದಳು. ಪಕ್ಕದಲ್ಲಿ ಕೂತು ದಾರ ಪೋಣಿಸಿಕೊಟ್ಟವಳು ನಾನು. ಆದರೂ ನಿನ್ನ ಮೈಮೇಲೆ ಅದನ್ನು ಕಂಡಾಗ, ಚರ್ಚಿಗೆ ಆ ಕೋಟು ಕೊಟ್ಟಾಕೆಗೆ ಗುರುತು ಸಿಕ್ಕಿತ್ತು. ನನ್ನ ಮುಖ ನೋಡಿ ಸುಮ್ಮನಾದರು. ಅವರು ಈಗ ನಿನ್ನ ಸಮಿತಿಯಲ್ಲೇ ಇದ್ದಾರೆ. ಇವತ್ತಿಗೂ ಅವರ ಬಾಯಿಂದ ಒಂದು ಮಾತು ಜಾರಿಲ್ಲ. ಅಂದು ಯಾರಾದರೂ ನಿನ್ನನ್ನು ಸಭೆಯೆದುರು ನಿಲ್ಲಿಸಿ ಆ ಕೋಟು ತೊಡಿಸಿದ್ದರೆ, ಇವತ್ತು ನೀನು ಅವರ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂರುತ್ತಿದ್ದೆಯಾ?