ಕಾಣ್ತದೆ ಅಕ್ಕ

ಯಳಂದೂರು
೧೪ ಮೇ ೨೦೨೫

ನನ್ನ ಮುದ್ದು ತಂಗಿ ಮೀನಾಳಿಗೆ ಅಕ್ಕ ಕುಸುಮ ಮಾಡುವ ಆಶೀರ್ವಾದಗಳು.

ಇಷ್ಟು ದಿನ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಫೋನ್ ಮಾಡಿದರೆ ನೀನು ಎರಡು ಮಾತಾಡಿ ಇಟ್ಟುಬಿಡುತ್ತೀಯ. ಕಾಗದವನ್ನಾದರೂ ಪೂರ್ತಿ ಓದಲೇಬೇಕಲ್ಲ, ಅದಕ್ಕೇ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಅವ್ವ ಚೆನ್ನಾಗಿದ್ದಾಳೆ, ಮಾವಿನಕಾಯಿ ಉಪ್ಪಿಗೆ ಹಾಕುತ್ತಾ ದಿನವೂ ನಿನ್ನನ್ನು ಬೈಯುತ್ತಾಳೆ. ವಿಮಾನಗಳಿಗೆ ದಾರಿ ಹೇಳುವ ಕೆಲಸಕ್ಕೆಂದು ನಾನು ಏರ್‌ಪೋರ್ಟಿನ ಟವರಿಗೆ ಹೋಗಿ ವಾರವಾಯಿತು. ವಿಚಾರಣೆ ಮುಗಿಯುವವರೆಗೆ ಮೈಕ್ ಮುಟ್ಟುವಂತಿಲ್ಲ. ಅವ್ವನಿಗೆ ರಜೆ ಎಂದಿದ್ದೇನೆ.

ನಿನ್ನ ಜೊತೆ ವಿಮಾನ ಹಾರಿಸಲು ಕಲಿಯುವ ಪುಷ್ಪ ಮೊನ್ನೆ ಫೋನ್ ಮಾಡಿದ್ದಳು. ಮೋಡದೊಳಗೆ ಹೋದರೆ ನಿನಗೆ ತಲೆ ಸುತ್ತುತ್ತದಂತೆ, ಮೇಲು ಕೆಳಗು ತಿಳಿಯುವುದಿಲ್ಲವಂತೆ. ಕಲಿಸುವವರಿಗೆ ನೀನು ಅದನ್ನು ಹೇಳೇ ಇಲ್ಲವಂತೆ. ಬರುವ ಸೋಮವಾರ ಒಬ್ಬಳೇ ದೂರ ಹಾರುತ್ತೀಯಂತೆ. ಅವಳ ಮೇಲೆ ರೇಗಬೇಡ, ಭಯವಾಗಿ ಹೇಳಿದ್ದಾಳೆ. ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ ಕಣೇ.

ಇನ್ನು ಇಲ್ಲಿಯ ಸಂಗತಿ. ಹೋದ ವಾರ ಮಧ್ಯಾಹ್ನ, ನಿನ್ನ ಹಾಗೇ ಕಲಿಯುತ್ತಿದ್ದ ಹನೂರಿನ ಶಾಂತರಾಜು ಪುಟ್ಟ ವಿಮಾನದಲ್ಲಿ ಒಬ್ಬನೇ ವಾಪಸು ಬರುತ್ತಿದ್ದ. ಕೊಳ್ಳೇಗಾಲದಲ್ಲಿ ಸುಡುಬಿಸಿಲು, ನೋಡನೋಡುತ್ತಿದ್ದಂತೆ ಬಿಳಿಗಿರಿರಂಗನ ಬೆಟ್ಟದ ಕಡೆ ಮಳೆಮೋಡ ಕವಿದು ಅವನನ್ನು ನುಂಗಿತು. ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವನು ಕನ್ನಡಕ್ಕೆ ಬಂದ, ಮೇಡಂ ಹೋಗಿ ಅಕ್ಕ ಆಯಿತು. ನಾನೂ ಇಂಗ್ಲಿಷ್ ಬಿಟ್ಟು ದನಿ ಏರಿಸಿದೆ. ರೆಕ್ಕೆ ನೇರ ಇಟ್ಟುಕೋ, ಪಶ್ಚಿಮಕ್ಕೆ ತಿರುಗು, ನಾನು ಹೇಳುವವರೆಗೆ ಇಳಿಯಬೇಡ ಎಂದೆ. ಅಷ್ಟು ಕೆಳಗೆ ಹಾರುವ ವಿಮಾನ ನಮ್ಮ ರಾಡಾರ್ ಪರದೆಯಲ್ಲಿ ಕಾಣುವುದಿಲ್ಲ, ಅವನು ಹೇಳಿದ್ದನ್ನೇ ನಂಬಬೇಕು. ಬೆಟ್ಟ ದಾಟಿದೆಯಾ, ನೆಲ ಕಾಣುತ್ತಿದೆಯಾ ಎಂದು ಮತ್ತೆ ಮತ್ತೆ ಕೇಳಿದೆ.

"ಕಾಣ್ತದೆ ಅಕ್ಕ. ಗದ್ದೆ ಕಾಣ್ತದೆ," ಅಂದ.

ಇಳಿಯಲು ಹೇಳಿದೆ. ಆಮೇಲೆ ರೇಡಿಯೋದಲ್ಲಿ ಬರೀ ಗೊರಗೊರ ಸದ್ದು.

ವಿಮಾನ ಬೆಟ್ಟದ ಇಳಿಜಾರಿನಲ್ಲಿ ಮರಗಳ ಮೇಲೆ ಬಿದ್ದಿತ್ತು. ಅರಣ್ಯ ಇಲಾಖೆಯ ವಾಚರ್ ಜಡೇಸ್ವಾಮಿ ಮಳೆಯಲ್ಲೇ ಜನ ಸೇರಿಸಿ ಹುಡುಕಿಸಿ, ಅವನನ್ನು ಕಂಬಳಿಯಲ್ಲಿ ಹೊತ್ತು ತಂದರು. ಆಸ್ಪತ್ರೆಗೆ ಹೋಗಿ ನೋಡಿಬಂದೆ. ಕಾಲು ಮುರಿದಿದೆ, ಚೇತರಿಸಿಕೊಳ್ಳುತ್ತಿದ್ದಾನೆ. ಏನೂ ಕಾಣದಿದ್ದರೂ ಯಾಕಪ್ಪ ಹಾಗಂದೆ ಎಂದು ಕೇಳಿದೆ.

"ನೀವು ಬಾಳ ಎದ್ರಿದ್ರಿ ಅಕ್ಕ. ದನೀಲೇ ಗೊತ್ತಾಯ್ತಿತ್ತು. ಅದ್ಕೇ ಕಾಣ್ತದೆ ಅಂದ್ಬುಟ್ಟೆ."

ನಮ್ಮ ಜನವೇ ಹೀಗೆ, ಮೀನಾ. ದೊಡ್ಡವರು ಗಾಬರಿಯಾದರೆ ಮೊದಲು ಅವರಿಗೆ ಸಮಾಧಾನ ಹೇಳಬೇಕು, ನಮ್ಮ ಪಾಡು ಆಮೇಲೆ. ಸಾಯುವ ದಿನ ಅಪ್ಪನೂ ಎದೆ ಹಿಡಿದುಕೊಂಡು ಕೂತು, ಅವ್ವನಿಗೆ ಬರೀ ಗ್ಯಾಸ್ ಎಂದೇ ಹೇಳಿದ. ನೀನು ಹಾಗೆ ಮಾಡಬೇಡ. ಈ ಕಾಗದ ಓದಿದ ಕೂಡಲೇ ಕಲಿಸುವವರಿಗೆ ಹೇಳು. ಬೈದರೆ ಬೈಸಿಕೋ, ಲೈಸೆನ್ಸ್ ತಡವಾದರೆ ಆಗಲಿ. ಮಾದಪ್ಪ ನಿನ್ನ ಬೆನ್ನ ಹಿಂದೆ ಇರಲಿ, ನೂರು ಕಾಲ ಬಾಳು.

ನಿನ್ನ ಅಕ್ಕ,
ಕುಸುಮ

ವಿ.ಸೂ.: ಅಂಟಿಸಿದ ಕಾಗದವನ್ನು ಮತ್ತೆ ಬಿಚ್ಚಿದೆ. ಶಾಂತರಾಜು ಉಳಿಯಲಿಲ್ಲ. ನನಗೆ ಆ ಮಾತು ಹೇಳಿದ ಮಾರನೆಯ ಬೆಳಿಗ್ಗೆ ತೀರಿಕೊಂಡ. ನೀನು ಹೆದರುತ್ತೀಯೆಂದು ಮೇಲೆ ಹಾಗೆ ಬರೆದೆ. ಅವನ ತಾಯಿ ಪುಟ್ಟಮಲ್ಲಮ್ಮ ನನ್ನ ಕೈ ಹಿಡಿದು, ನನ್ನ ಮಗ ತುಂಬ ನರಳಿದನಾ ಎಂದು ಕೇಳಿದರು. ನೋವೇ ಇರಲಿಲ್ಲವಮ್ಮ ಎಂದುಬಿಟ್ಟೆ. ನಾಳೆ ಅವ್ವ ನಿನ್ನ ಬಗ್ಗೆ ಹಾಗೆ ಕೇಳಿದರೆ ಆ ಸುಳ್ಳು ಹೇಳಲು ನನ್ನಿಂದಾಗದು. ಸೋಮವಾರ ಹಾರಬೇಡ.