ತಿಪ್ಪಿಗೆ ಇಟ್ಟ ಹೆಸರು

೩-೬-೭೪, ಸೋಮವಾರ

ಶಾಲೆಗೆ ಮಕ್ಕಳನ್ನು ಕಳಿಸಿ ಎಂದು ಬಿಸಿಲಲ್ಲಿ ಮನೆಮನೆ ಸುತ್ತಿದೆ. ಫೀಸಿಲ್ಲ, ಪುಸ್ತಕ ಪುಕ್ಕಟೆ, ಮಧ್ಯಾಹ್ನ ಉಪ್ಪಿಟ್ಟು — ಹೇಳಿ ಹೇಳಿ ಗಂಟಲು ಕಟ್ಟಿತು. ಹಿಂದೆ ಕಲಿಸುತ್ತಿದ್ದ ಕುರುಗೋಡಿನವರಿಗೆ ಇಷ್ಟು ಹೇಳಬೇಕಿರಲಿಲ್ಲ, ಈ ಹಳ್ಳಿಯವರಿಗೆ ಬೇಕು. ಕೊನೆಗೆ ಈರಮ್ಮ ಮಗಳನ್ನು ಕಳಿಸಿದಳು. ಹೆಸರು ತಿಪ್ಪಮ್ಮ! ಚಿನ್ನದಂಥ ಹುಡುಗಿಗೆ ತಿಪ್ಪೆಯ ಹೆಸರೇ? ಮೈಯುರಿಯಿತು.

"ಯಾವ ಹೆಸರು ಬೇಕೇ ನಿನಗ?" ಅಂದೆ.

ಖಾಲಿ ಬಾಗಿಲ ಕಡೆ ನೋಡಿದಳು. ಯಾರೋ ಹೇಳಿಕೊಟ್ಟ ಹಾಗೆ ತಲೆಯಾಡಿಸಿ, "ಗಿರಿಜಾ ರೀ."

ಹಾಗೇ ದಾಖಲು ಮಾಡಿದೆ. ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತು.

೫-೬, ಬುಧವಾರ

ಹಾಜರಿ ಕೂಗಿದೆ. "ಗಿರಿಜಾ."

"ಹಾಜರ್ ರೀ."

ದನಿ ಬಾಗಿಲ ಹತ್ತಿರದಿಂದ. ತಿಪ್ಪಿ ಮುಂದಿನ ಸಾಲಲ್ಲಿ ಬಾಯಿ ಮುಚ್ಚಿ ಕೂತಿದ್ದಳು. ಯಾರ ಕಿತಾಪತಿ? ಎಲ್ಲರನ್ನೂ ಬೈದೆ. ಒಬ್ಬರೂ ನಗಲಿಲ್ಲ.

೧೦-೬, ಸೋಮವಾರ

ದಿನಾ ಅದೇ. ತಿಪ್ಪಿ ಉಪ್ಪಿಟ್ಟಿನಲ್ಲಿ ಅರ್ಧ ತೆಗೆದು ಹೊಸ್ತಿಲ ಬಳಿ ಇಡುತ್ತಾಳೆ. ನಾಯಿ ಕೂಡ ಮೂಸುವುದಿಲ್ಲ.

"ಯಾರಿಗೇ ಅದು?"

"ಗಿರಿಜಾಗ್ರೀ. ಆಕೀಗೂ ಹಸಿವು."

"ಗಿರಿಜಾ ನೀನಲ್ಲೇನೇ?"

"ಅಲ್ರೀ. ನಾನು ತಿಪ್ಪಿ."



೧೩-೬, ಗುರುವಾರ

ತಿಪ್ಪಿಗೆ ಜ್ವರ. ಈರಮ್ಮ ಶಾಲೆಯ ಬಾಗಿಲಲ್ಲೇ ಕುಸಿದಳು.

"ಅಕ್ಕೋರ, ಹೆಸರು ಬದ್ಲಿ ಮಾಡಂತ ನಿಮಗ್ಯಾರು ಹೇಳಿದ್ರು? ಗಿರಿಜಾ ನನ್ನ ಮೊದಲ್ನೇ ಮಗಳು. ಸಾಲಿಗೆ ಹೋಗ್ತೀನಂತ ಅಳ್ತಿದ್ಲು. ಕಳಿಸ್ಲಿಲ್ಲ, ಸಿರುಗುಪ್ಪಕ್ಕ ನಾಟಿಗೆ ಕರ್ಕೊಂಡು ಹೋದ್ವಿ. ಅಲ್ಲೇ ಹೋದ್ಲು. ಇಕಿ ಆದ್ರೂ ಉಳೀಲಂತ ಹುಟ್ಟಿದ ಕೂಡ್ಲೆ ತಿಪ್ಪ್ಯಾಗ ಹೊಳ್ಳಾಡ್ಸಿ ಈ ಹೆಸರಿಟ್ಟೀವಿ. ಸಾವಿನ ಕಣ್ಣಿಗೆ ಕಸ ಕಾಣ್ಲಿ ಅಂತ. ಆಕಿ ಹೆಸರು ಮನ್ಯಾಗ ಯಾರೂ ಎತ್ತಂಗಿಲ್ಲ. ಇಕಿಗೆ ಅಕ್ಕ ಇದ್ದದ್ದ ಗೊತ್ತಿಲ್ಲ... ತಿದ್ರಿ ಯವ್ವಾ, ಕಾಲಿಗೆ ಬೀಳ್ತೀನಿ."

ಅಯ್ಯೋ ರಾಯರೇ, ನಾನೇನು ಮಾಡಿಬಿಟ್ಟೆ!

೧೫-೬, ಶನಿವಾರ, ಬಳ್ಳಾರಿ

ಒಮ್ಮೆ ಬರೆದ ಹೆಸರು ತಿದ್ದಲು ಮೇಲಿನವರ ಅಪ್ಪಣೆ ಬೇಕು. ಆಫೀಸಿನಲ್ಲಿ ಸಾಹೇಬರು ನಕ್ಕರು. "ಸರ್ಕಾರ ಪುಕ್ಕಟೆ ಓದಿಸ್ತೈತಿ, ಟೀಚರಮ್ಮ. ದೆವ್ವ ಬಿಡ್ಸಂಗಿಲ್ಲ."

ಅಪ್ಪಣೆಯೂ ಬೇಡ, ಗಿಪ್ಪಣೆಯೂ ಬೇಡ. ನಾನೇ ಹೊಡೆದುಹಾಕುತ್ತೇನೆ. ಕೆಲಸ ಹೋದರೆ ಹೋಗಲಿ.

೧೭-೬, ಸೋಮವಾರ, ಬೆಳಿಗ್ಗೆ

ಬಸ್ಸಿಳಿದು ಮೊದಲು ಈರಮ್ಮನ ಮನೆಗೆ ಹೋದೆ. ಜ್ವರ ಬಿಟ್ಟಿದೆ. ತಿಪ್ಪಿ ಗಂಜಿ ಕೇಳುತ್ತಿದ್ದಳು. ಕಣ್ಣು ತುಂಬಿ ಬಂತು. "ಇವತ್ತು ಮಲಗೇ" ಅಂದು ಶಾಲೆಗೆ ಬಂದೆ. ಗಿರಿಜಾ ಹೊಡೆದುಹಾಕಿ ತಿಪ್ಪಮ್ಮ ಎಂದು ಬರೆದೆ.

ಹಾಜರಿ ಕೂಗಿದೆ. ಬಾಗಿಲು ಸುಮ್ಮನಿತ್ತು. ಅಬ್ಬಾ! ತಿಪ್ಪಿ ಬಂದಿಲ್ಲವೆಂದು ಗೊತ್ತು, ಆದರೂ ಸಾಲಾಗಿ ಓದುವ ಅಭ್ಯಾಸಬಲ... "ತಿಪ್ಪಮ್ಮ" ಅಂದುಬಿಟ್ಟೆ.

"ಹಾಜರ್ ರೀ."

ಅದೇ ಬಾಗಿಲ ಹತ್ತಿರದಿಂದ. ಅಲ್ಲಿ ಯಾರೂ ಇರಲಿಲ್ಲ. ಈ ಸಲ ದನಿ ತಿಪ್ಪಿಯದು.

ಮಕ್ಕಳನ್ನು ಮನೆಗೆ ಕಳಿಸಿದೆ. ಈರಮ್ಮನ ಮನೆಗೆ ಹೋಗಿ ನೋಡಲು ಧೈರ್ಯವಿಲ್ಲ, ಅದಕ್ಕೇ ಬರೆಯುತ್ತಾ ಕೂತಿದ್ದೇನೆ. ಈರಮ್ಮನ ಓಣಿಯಿಂದ ಯಾರೋ ಓಡಿಬರುತ್ತಿದ್ದಾರೆ. "ಅಕ್ಕೋರ, ಅಕ್ಕೋರ" ಎಂದು —